703 ರೂಪಾಯಿಗೆ 73 ನಾಣ್ಯ: ತಬ್ಬಲಿ ಹುಡುಗ ಪಿಳ್ಳೈ ಜಗತ್ತಿನ ಲೆಕ್ಕ ಬಿಡಿಸಿದ ಕಥೆ

ಭಾರತದ ಗಣಿತ ಎಂದ ಕೂಡಲೇ ಮಕ್ಕಳ ಬಾಯಿಗೆ ಬರುವ ಹೆಸರು ಒಂದೇ, ಶ್ರೀನಿವಾಸ ರಾಮಾನುಜನ್. 1729ರ ಟ್ಯಾಕ್ಸಿಯ ಕಥೆ ಹೈಸ್ಕೂಲ್ ಮೆಟ್ಟಿಲು ಹತ್ತಿದ ಎಲ್ಲರಿಗೂ ಗೊತ್ತು. ಆದರೆ ರಾಮಾನುಜನ್ ತೀರಿಹೋದ ಮೇಲೆ ಅದೇ ತಮಿಳು ನೆಲದಿಂದ ಎದ್ದು ಬಂದು, ಜಗತ್ತಿನ ದೊಡ್ಡ ದೊಡ್ಡ ವಿದ್ವಾಂಸರು ನೂರಾರು ವರ್ಷ ತಲೆ ಕೆಡಿಸಿಕೊಂಡಿದ್ದ ಒಂದು ಲೆಕ್ಕವನ್ನು ಬಿಡಿಸಿದ ಇನ್ನೊಬ್ಬರಿದ್ದಾರೆ. ಅವರ ಹೆಸರು ಸುಬ್ಬಯ್ಯ ಶಿವಶಂಕರನಾರಾಯಣ ಪಿಳ್ಳೈ. ಗಣಿತಜ್ಞರ ವಲಯದಲ್ಲಿ ಎಸ್.ಎಸ್. ಪಿಳ್ಳೈ ಎಂದರೆ ಇಂದಿಗೂ ಗೌರವದಿಂದ ನೆನೆಯುತ್ತಾರೆ. ಹೊರಗಿನ ಜನರಿಗೆ ಮಾತ್ರ ಅವರ ಪರಿಚಯ ಕಡಿಮೆ.

ಅವರಿಗೆ ಹಣವಿರಲಿಲ್ಲ, ಹೆತ್ತವರ ನೆರಳೂ ಹೆಚ್ಚು ಕಾಲ ಸಿಗಲಿಲ್ಲ. ಕೇಂಬ್ರಿಡ್ಜ್‌ಗೆ ಹೋಗಿ ಕಲಿಯುವ ಯೋಗವೂ ಬರಲಿಲ್ಲ. ಇದ್ದದ್ದು ಒಬ್ಬ ಮೇಷ್ಟ್ರ ಆಸರೆ, ಸ್ಕಾಲರ್‌ಶಿಪ್‌ನ ನಾಲ್ಕು ಕಾಸು ಮತ್ತು ಹಿಡಿದ ಲೆಕ್ಕವನ್ನು ಬಿಡದ ಹಟ. ಓದಿನ ದಾರಿಯಲ್ಲಿ ಅರ್ಧಕ್ಕೆ ನಿಲ್ಲುವ ಹಂತದಲ್ಲಿರುವ ಇಂದಿನ ಯುವಕ ಯುವತಿಯರು ತಿಳಿಯಲೇಬೇಕಾದ ಬದುಕು ಇದು.

ಘಟ್ಟದ ಬುಡದ ಊರು

ನಮ್ಮ ಕರಾವಳಿಯ ಬೆನ್ನಿಗಿರುವ ಪಶ್ಚಿಮ ಘಟ್ಟ ದಕ್ಷಿಣಕ್ಕೆ ಕನ್ಯಾಕುಮಾರಿಯ ಹತ್ತಿರದವರೆಗೂ ಹೋಗುತ್ತದೆ. ಅದರ ಪೂರ್ವದ ಮಗ್ಗುಲಿನಲ್ಲಿ ತಮಿಳುನಾಡಿನ ತೇನಿ ಜಿಲ್ಲೆಯ ಕಂಬಂ ಕಣಿವೆ ಇದೆ. ಹನುಮಂತನಪಟ್ಟಿ, ಉತ್ತಮಪಾಳಯಂ ಮುಂತಾದ ಊರುಗಳಿರುವ ಈ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಯಲ್ಲಿ ಕನ್ನಡ ಮಾತಾಡುವ ಕುಟುಂಬಗಳೂ ಇವೆ. ಅಲ್ಲಿಂದ ಘಟ್ಟದ ಅಂಚು ಹಿಡಿದು ಇನ್ನೂ ದಕ್ಷಿಣಕ್ಕೆ ಇಳಿದರೆ ಜಲಪಾತಕ್ಕೆ ಹೆಸರಾದ ಕುಟ್ರಾಲಂ ಸಿಗುತ್ತದೆ. ಅದರ ಪಕ್ಕದ ವಲ್ಲಂ ಎಂಬ ಹಳ್ಳಿಯಲ್ಲಿ 1901ರ ಏಪ್ರಿಲ್ 5ರಂದು ಪಿಳ್ಳೈ ಹುಟ್ಟಿದರು. ಆಗ ಅದು ತಿರುನೆಲ್ವೇಲಿ ಜಿಲ್ಲೆ, ಈಗ ತೆಂಕಾಸಿ ಜಿಲ್ಲೆ.

ತಂದೆ ಸುಬ್ಬಯ್ಯ ಪಿಳ್ಳೈ, ತಾಯಿ ಗೋಮತಿ ಅಮ್ಮಾಳ್. ಮಗು ಹುಟ್ಟಿ ವರ್ಷ ಕಳೆಯುವಷ್ಟರಲ್ಲಿ ತಾಯಿ ತೀರಿಹೋದರು. ಅಮ್ಮನ ಮುಖ ನೆನಪಿಟ್ಟುಕೊಳ್ಳುವ ವಯಸ್ಸೂ ಅಲ್ಲ ಅದು. ಸಂಬಂಧಿಕರಾದ ಒಬ್ಬ ವಯಸ್ಸಾದ ಹೆಂಗಸು ಮಗುವನ್ನು ನೋಡಿಕೊಂಡರು, ತಂದೆಯೇ ಸಾಕಿ ಬೆಳೆಸಿದರು.

ಶಾಲೆಗೆ ಸೇರಿದ್ದು ಹತ್ತಿರದ ಶೆಂಗೋಟ್ಟೈಯಲ್ಲಿ. ಆ ಕಾಲದಲ್ಲಿ ಶೆಂಗೋಟ್ಟೈ ಮದ್ರಾಸ್ ಪ್ರಾಂತ್ಯಕ್ಕೆ ಸೇರಿರಲಿಲ್ಲ, ತಿರುವಾಂಕೂರು ಸಂಸ್ಥಾನದ್ದಾಗಿತ್ತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಸೇರಿದ ದಿನವೇ ಶೆಂಗೋಟ್ಟೈ ಮದ್ರಾಸ್ ರಾಜ್ಯಕ್ಕೆ ಸೇರಿತು. ಗಡಿಯ ಈ ಗೋಜಲು ಕರಾವಳಿಯವರಿಗೆ ಹೊಸದಲ್ಲ. ಬೇರೆ ಬೇರೆ ಆಡಳಿತ, ಬೇರೆ ಬೇರೆ ಭಾಷೆಗಳ ನಡುವೆ ಓದಿದ ಹುಡುಗ ಪಿಳ್ಳೈ.

ಶಾಸ್ತ್ರಿಯಾರ್ ಮೇಷ್ಟ್ರು

ಶಾಲೆಯಲ್ಲಿ ಈ ಹುಡುಗನ ಬುದ್ಧಿ ಮೊದಲು ಗುರುತಿಸಿದವರು ಶಾಸ್ತ್ರಿಯಾರ್ ಎಂಬ ಶಿಕ್ಷಕರು. ಲೆಕ್ಕದಲ್ಲಿ ಇವನು ಎಲ್ಲರ ಹಾಗಲ್ಲ ಎಂದು ಅವರಿಗೆ ಬೇಗ ಗೊತ್ತಾಯಿತು. ಅಷ್ಟರಲ್ಲಿ ಇನ್ನೊಂದು ಪೆಟ್ಟು ಬಿತ್ತು. ಹೈಸ್ಕೂಲ್ ಮುಗಿಯುವ ಮೊದಲೇ ತಂದೆಯೂ ತೀರಿಕೊಂಡರು.

ತಂದೆ ತಾಯಿ ಇಬ್ಬರೂ ಇಲ್ಲದ ಬಡ ಹುಡುಗನ ಓದು ಇಂಥ ಹೊತ್ತಿನಲ್ಲಿ ನಿಂತುಹೋಗುವುದೇ ಹೆಚ್ಚು. ಯಾವುದಾದರೂ ಅಂಗಡಿಯಲ್ಲಿ ಕೆಲಸ, ಇಲ್ಲವೇ ಕೂಲಿ. ಪಿಳ್ಳೈ ಅವರ ಬದುಕೂ ಅಲ್ಲೇ ತಿರುಗಿ ಹೋಗಬಹುದಿತ್ತು. ಹಾಗಾಗಲು ಶಾಸ್ತ್ರಿಯಾರ್ ಬಿಡಲಿಲ್ಲ. ತಮ್ಮ ಸಂಬಳದ ಹಣದಿಂದಲೇ ಹುಡುಗನನ್ನು ಓದಿಸಿದರು. ಆ ಕಾಲದ ಶಾಲಾ ಮಾಸ್ತರರ ಸಂಬಳ ಎಷ್ಟಿರುತ್ತಿತ್ತು ಎಂದು ಊಹಿಸಿದರೆ ಈ ಸಹಾಯದ ತೂಕ ಅರ್ಥವಾಗುತ್ತದೆ.

ಹೈಸ್ಕೂಲ್ ದಾಟಿದ ಮೇಲೆ ಸ್ಕಾಲರ್‌ಶಿಪ್ ಕೈ ಹಿಡಿಯಿತು. ಇಂಟರ್‌ಮೀಡಿಯೆಟ್‌ಗೆ ನಾಗರಕೋಯಿಲ್‌ನ ಸ್ಕಾಟ್ ಕ್ರಿಶ್ಚಿಯನ್ ಕಾಲೇಜು, ಬಿ.ಎ.ಗೆ ತಿರುವನಂತಪುರದ ಮಹಾರಾಜಾಸ್ ಕಾಲೇಜು. ಎರಡೂ ಕಡೆ ಅವರು ಓದಿದ್ದು ವಿದ್ಯಾರ್ಥಿವೇತನದಿಂದಲೇ. ಹೀಗೆ ಒಬ್ಬ ಮೇಷ್ಟ್ರು ಹಚ್ಚಿದ ದೀಪ ಕೈಯಿಂದ ಕೈಗೆ ದಾಟಿ ಮದ್ರಾಸ್ ತನಕ ಬಂತು.

ಮದ್ರಾಸ್ ಮತ್ತು ಚಿದಂಬರಂ

1927ರಲ್ಲಿ ಪಿಳ್ಳೈ ಅವರಿಗೆ ಮದ್ರಾಸ್ ವಿಶ್ವವಿದ್ಯಾನಿಲಯದ ಸಂಶೋಧನಾ ವಿದ್ಯಾರ್ಥಿವೇತನ ಸಿಕ್ಕಿತು. ಅಲ್ಲಿ ಮಾರ್ಗದರ್ಶಕರಾಗಿ ದೊರೆತವರು ಪ್ರೊಫೆಸರ್ ಕೆ. ಆನಂದ ರಾವ್. ಕೇಂಬ್ರಿಡ್ಜ್‌ನಲ್ಲಿ ರಾಮಾನುಜನ್ ಇದ್ದ ಕಾಲದಲ್ಲೇ ಅಲ್ಲಿ ಓದಿ, ಜಿ.ಎಚ್. ಹಾರ್ಡಿ ಅವರ ಬಳಿ ಕಲಿತು ಬಂದವರು ಆನಂದ ರಾವ್. ಹಡಗು ಹತ್ತದೆಯೇ ಪಿಳ್ಳೈ ಅವರಿಗೆ ಆ ಪರಂಪರೆಯ ಪಾಠ ಮದ್ರಾಸ್‌ನಲ್ಲೇ ಸಿಕ್ಕಿತು.

1929ರಲ್ಲಿ ಚಿದಂಬರಂನಲ್ಲಿ ಅಣ್ಣಾಮಲೈ ವಿಶ್ವವಿದ್ಯಾನಿಲಯ ಶುರುವಾಯಿತು. ಅದೇ ವರ್ಷ ಪಿಳ್ಳೈ ಅಲ್ಲಿ ಲೆಕ್ಚರರ್ ಆಗಿ ಸೇರಿದರು. 1941ರ ತನಕ ಅಲ್ಲೇ ಇದ್ದರು. ಹೊಸ ಸಂಸ್ಥೆ, ಸಣ್ಣ ಊರು. ಯೂರೋಪಿನ ಪತ್ರಿಕೆಗಳು ಹಡಗಿನಲ್ಲಿ ಬಂದು ಕೈ ಸೇರಲು ವಾರಗಳೇ ಬೇಕಾಗಿದ್ದ ಕಾಲ. ಆದರೆ ಅವರ ಬದುಕಿನ ಅತ್ಯುತ್ತಮ ಕೆಲಸ ನಡೆದದ್ದು ಅಲ್ಲಿಯೇ. ಮದ್ರಾಸ್ ವಿಶ್ವವಿದ್ಯಾನಿಲಯ ಅವರಿಗೆ ಡಿ.ಎಸ್ಸಿ. ಪದವಿ ಕೊಟ್ಟಿತು. ಗಣಿತದಲ್ಲಿ ಆ ವಿಶ್ವವಿದ್ಯಾನಿಲಯದಿಂದ ಈ ಪದವಿ ಪಡೆದ ಮೊದಲಿಗರು ಅವರು.

ಮಾತಾಡಿಕೊಳ್ಳಲು ಒಬ್ಬ ಜೊತೆಗಾರ ಬೇಕಲ್ಲವೇ? ಅದಕ್ಕೆ ಅಂಚೆಯೇ ದಾರಿಯಾಯಿತು. ಸರ್ವದಮನ್ ಚೌಲಾ ಎಂಬ ಇನ್ನೊಬ್ಬ ಪ್ರತಿಭಾವಂತ ಗಣಿತಜ್ಞರ ಜೊತೆ ಪಿಳ್ಳೈ ಅವರ ಪತ್ರವ್ಯವಹಾರ ಬಹಳ ಕಾಲ ನಡೆಯಿತು. ಚೌಲಾ ವಾಲ್ಟೇರ್‌ನಲ್ಲಿದ್ದರೂ ಸರಿ, ಲಾಹೋರ್‌ಗೆ ಹೋದರೂ ಸರಿ, ಲೆಕ್ಕ ತುಂಬಿದ ಕಾಗದಗಳು ಹೋಗುತ್ತಾ ಬರುತ್ತಾ ಇದ್ದವು. ಒಬ್ಬರ ತಪ್ಪನ್ನು ಇನ್ನೊಬ್ಬರು ತಿದ್ದಿದರು, ಕೆಲವು ಪ್ರಬಂಧಗಳನ್ನು ಜೊತೆಯಾಗಿ ಬರೆದರು.

ಅಂಗಡಿಯ ಚಿಲ್ಲರೆಯಿಂದ ಅರ್ಥವಾಗುವ ಲೆಕ್ಕ

ಅಷ್ಟಕ್ಕೂ ಪಿಳ್ಳೈ ಬಿಡಿಸಿದ ಲೆಕ್ಕ ಯಾವುದು? ಗಣಿತ ಎಂದರೆ ಹೆದರುವವರಿಗೂ ಇದು ಅರ್ಥವಾಗುತ್ತದೆ. ಅಂಗಡಿಯಲ್ಲಿ ಚಿಲ್ಲರೆ ಎಣಿಸಿ ಗೊತ್ತಿದ್ದರೆ ಸಾಕು.

ಒಂದು ದೇಶದಲ್ಲಿ ವಿಚಿತ್ರ ನಾಣ್ಯಗಳಿವೆ ಎಂದು ಭಾವಿಸೋಣ. ಒಂದನ್ನು ಆರು ಸಲ ಗುಣಿಸಿದರೆ 1. ಎರಡನ್ನು ಆರು ಸಲ ಗುಣಿಸಿದರೆ 64. ಮೂರನ್ನು ಆರು ಸಲ ಗುಣಿಸಿದರೆ 729. ನಾಲ್ಕಾದರೆ 4096, ಐದಾದರೆ 15625. ಗಣಿತದ ಮಾತಿನಲ್ಲಿ ಇವು ಆರನೇ ಘಾತಗಳು. ಈ ಬೆಲೆಯ ನಾಣ್ಯಗಳು ಮಾತ್ರ ಆ ದೇಶದಲ್ಲಿ ಚಲಾವಣೆಯಲ್ಲಿವೆ.

ಈಗ ಗಿರಾಕಿಗೆ 703 ರೂಪಾಯಿ ಕೊಡಬೇಕು. 729ರ ನಾಣ್ಯ ಕೊಟ್ಟರೆ ಹೆಚ್ಚಾಯಿತು. 64ರ ನಾಣ್ಯ ಹತ್ತು ಕೊಟ್ಟರೆ 640 ಆಗುತ್ತದೆ. ಉಳಿದದ್ದು 63. ಇನ್ನೊಂದು 64 ಕೊಡಲು ಒಂದೇ ಒಂದು ರೂಪಾಯಿ ಸಾಲದು! ಹಾಗಾಗಿ 63 ಒಂದರ ನಾಣ್ಯಗಳನ್ನೇ ಎಣಿಸಬೇಕು. ಹತ್ತು ಮತ್ತು ಅರವತ್ತಮೂರು, ಒಟ್ಟು 73 ನಾಣ್ಯ. ಇದಕ್ಕಿಂತ ಕಡಿಮೆ ನಾಣ್ಯದಲ್ಲಿ 703 ಕೊಡಲು ಸಾಧ್ಯವೇ ಇಲ್ಲ.

ಪ್ರಶ್ನೆ ಇರುವುದು ಇಲ್ಲಿಂದ ಮುಂದೆ. ಸಾವಿರ, ಲಕ್ಷ, ಕೋಟಿ, ಕೋಟಿ ಕೋಟಿ, ಎಷ್ಟೇ ದೊಡ್ಡ ಮೊತ್ತ ಇರಲಿ, 73ಕ್ಕಿಂತ ಹೆಚ್ಚು ನಾಣ್ಯ ಬೇಕಾಗುವ ಒಂದಾದರೂ ಮೊತ್ತ ಇದೆಯೇ? ಮೇಲ್ನೋಟಕ್ಕೆ ಇರಲಾರದು ಅನಿಸುತ್ತದೆ. ದೊಡ್ಡ ಮೊತ್ತಕ್ಕೆ ದೊಡ್ಡ ನಾಣ್ಯಗಳೂ ಇವೆಯಲ್ಲ. ಆದರೆ ಗಣಿತದಲ್ಲಿ ಅನಿಸಿಕೆ ನಡೆಯುವುದಿಲ್ಲ. ಸಂಖ್ಯೆಗಳಿಗೆ ಕೊನೆ ಇಲ್ಲ, ಒಂದೊಂದನ್ನೇ ನೋಡುತ್ತಾ ಕೂತರೆ ಆಯುಷ್ಯ ಮುಗಿದರೂ ಮುಗಿಯದು. ಎಲ್ಲದಕ್ಕೂ ಒಟ್ಟಿಗೆ ಅನ್ವಯಿಸುವ ಸಾಧನೆ ಬೇಕು.

ಇಂಗ್ಲೆಂಡಿನ ಎಡ್ವರ್ಡ್ ವೇರಿಂಗ್ ಎಂಬವರು 1770ರಲ್ಲಿ ಈ ಪ್ರಶ್ನೆಯನ್ನು ಎತ್ತಿದ್ದರು. ಯಾವ ಸಂಖ್ಯೆಯನ್ನಾದರೂ ನಾಲ್ಕು ವರ್ಗಗಳ ಮೊತ್ತವಾಗಿ, ಒಂಬತ್ತು ಘನಗಳ ಮೊತ್ತವಾಗಿ, ಹತ್ತೊಂಬತ್ತು ನಾಲ್ಕನೇ ಘಾತಗಳ ಮೊತ್ತವಾಗಿ ಬರೆಯಬಹುದು, ಹೀಗೇ ಮುಂದೆ ಎಂದು ಅವರು ಹೇಳಿದ್ದರು. ಸಾಧಿಸಿ ತೋರಿಸಿರಲಿಲ್ಲ. ವರ್ಗಗಳ ಮಾತನ್ನು ಅದೇ ವರ್ಷ ಲಾಗ್ರಾಂಜ್ ಸಾಧಿಸಿದರು. ಘನಗಳ ಮಾತು ಇಪ್ಪತ್ತನೇ ಶತಮಾನದ ಆರಂಭದ ತನಕ ಕಾಯಬೇಕಾಯಿತು. ಜರ್ಮನಿಯ ಡೇವಿಡ್ ಹಿಲ್ಬರ್ಟ್ 1909ರಲ್ಲಿ, ಪ್ರತಿಯೊಂದು ಘಾತಕ್ಕೂ ಒಂದು ಮಿತಿ ಇದ್ದೇ ಇದೆ ಎಂದು ತೋರಿಸಿಕೊಟ್ಟರು. ಆದರೆ ಆ ಮಿತಿ ಎಷ್ಟು ಎಂದು ಆ ಸಾಧನೆ ಹೇಳಲಿಲ್ಲ. ಬಾವಿಯಲ್ಲಿ ನೀರಿದೆ ಎಂದು ಗೊತ್ತಾಯಿತು, ಎಷ್ಟು ಆಳದಲ್ಲಿದೆ ಎಂದು ಗೊತ್ತಾಗಲಿಲ್ಲ.

ಬೃಹತ್ ಸಂಖ್ಯೆಯ ಆಚೆ, ಈಚೆ

ಪಿಳ್ಳೈ ಕೈ ಹಾಕಿದ್ದು ಈ ಆಳ ಅಳೆಯುವ ಕೆಲಸಕ್ಕೆ. ಅದರ ಕಷ್ಟ ಎಲ್ಲಿದೆ ಎಂದು ತಿಳಿಯದೆ ಅವರ ಸಾಧನೆಯ ಬೆಲೆ ತಿಳಿಯುವುದಿಲ್ಲ.

ಹಾರ್ಡಿ ಮತ್ತು ಅವರ ಸಂಗಡಿಗರು, ಆಮೇಲೆ ರಷ್ಯಾದ ಇವಾನ್ ವಿನೊಗ್ರಾಡೋವ್ ಕಂಡುಕೊಂಡ ವಿಧಾನಗಳು ಬಹಳ ದೊಡ್ಡ ಸಂಖ್ಯೆಗಳ ಮೇಲೆ ಮಾತ್ರ ಕೆಲಸ ಮಾಡುತ್ತವೆ. ಒಂದು ಬೃಹತ್ ಸಂಖ್ಯೆ ಇದೆ, ಅದರಿಂದ ಆಚೆಗೆ ಇರುವ ಎಲ್ಲದಕ್ಕೂ ಇಷ್ಟು ನಾಣ್ಯ ಸಾಕು ಎಂದು ಅವು ಹೇಳುತ್ತವೆ. ಈಚೆಯ ದಡದಲ್ಲಿ ಸಣ್ಣ ಸಂಖ್ಯೆಗಳನ್ನು ಕೈಯಲ್ಲೇ ಲೆಕ್ಕ ಹಾಕಿ ಪರೀಕ್ಷಿಸಬಹುದು. ನಡುವೆ ಉಳಿಯುವುದು ದೊಡ್ಡ ಹೊಳೆ. ಆ ಬೃಹತ್ ಸಂಖ್ಯೆ ಎಷ್ಟು ದೊಡ್ಡದೆಂದರೆ, ಅಲ್ಲಿಯ ತನಕ ಒಂದೊಂದಾಗಿ ಎಣಿಸಿ ಮುಗಿಸಲು ಇಂದಿನ ಕಂಪ್ಯೂಟರ್‌ಗಳಿಂದಲೂ ಆಗದು. 1930ರ ದಶಕದ ಚಿದಂಬರಂನಲ್ಲಂತೂ ಇದ್ದದ್ದು ಪೆನ್ನು, ಕಾಗದ ಮತ್ತು ತಾಳ್ಮೆ.

ಪಿಳ್ಳೈ ಎರಡೂ ಕಡೆಯಿಂದ ಸೇತುವೆ ಕಟ್ಟಿದರು. ವಿನೊಗ್ರಾಡೋವ್ ಅವರ ಹೊಸ ವಿಧಾನವನ್ನು ಬಿಗಿ ಮಾಡಿ ಆ ಬೃಹತ್ ಸಂಖ್ಯೆಯನ್ನು ಆದಷ್ಟು ಕೆಳಗೆ ಎಳೆದರು. ಈಚೆಯಿಂದ, ಸಣ್ಣ ವ್ಯಾಪ್ತಿಯಲ್ಲಿ ಗೊತ್ತಿರುವುದನ್ನು ಹಂತ ಹಂತವಾಗಿ ಮೇಲೇರಿಸುವ ಉಪಾಯದಿಂದ ಮುಂದೆ ಸಾಗಿದರು. ಎರಡು ತುದಿಗಳು ಕೂಡಿದರೆ ಲೆಕ್ಕ ಮುಗಿಯಿತು. ಒಂದೇ ಒಂದು ಸಂಖ್ಯೆ ನಡುವೆ ಉಳಿದರೂ ಸಾಧನೆ ಸಾಧನೆಯಲ್ಲ.

1936ರ ಸುಮಾರಿಗೆ ಅವರು ಒಂದು ಸುಂದರ ಸೂತ್ರವನ್ನು ಸಾಧಿಸಿ ಮುಂದಿಟ್ಟರು. ಸಣ್ಣ ಘಾತಗಳನ್ನು ಬಿಟ್ಟು ಉಳಿದವುಗಳಿಗೆ, ಒಂದು ನಿಬಂಧನೆ ಈಡೇರಿದರೆ, ಬೇಕಾಗುವ ನಾಣ್ಯಗಳ ಸಂಖ್ಯೆಯನ್ನು ಈ ಸೂತ್ರದಿಂದ ಸುಲಭವಾಗಿ ಹೇಳಬಹುದು. ಎರಡರ ಘಾತ ತೆಗೆದುಕೊಳ್ಳಿ. ಮೂರರ ಘಾತವನ್ನು ಅದರಿಂದ ಭಾಗಿಸಿ, ಬಂದ ಪೂರ್ಣ ಸಂಖ್ಯೆಯನ್ನು ಕೂಡಿಸಿ. ಎರಡು ಕಳೆಯಿರಿ. ಎಂಟನೇ ಘಾತಕ್ಕೆ ನೋಡುವುದಾದರೆ ಎರಡರ ಎಂಟನೇ ಘಾತ 256, ಮೂರರದ್ದು 6561. ಭಾಗಿಸಿದರೆ ಪೂರ್ಣ ಭಾಗ 25. ಹಾಗಾಗಿ 256ಕ್ಕೆ 25 ಕೂಡಿಸಿ 2 ಕಳೆದರೆ 279. ಹತ್ತನೇ ಘಾತಕ್ಕೆ ಇದೇ ಲೆಕ್ಕದಲ್ಲಿ 1079 ಬರುತ್ತದೆ.

ಇದೇ ಹೊತ್ತಿಗೆ ಅಮೆರಿಕದ ಷಿಕಾಗೋದಲ್ಲಿ ಲಿಯೊನಾರ್ಡ್ ಡಿಕ್ಸನ್ ಎಂಬ ಹಿರಿಯ ಗಣಿತಜ್ಞರೂ ಇದೇ ಫಲಿತಾಂಶಕ್ಕೆ ಬಂದು ತಲುಪಿದರು. ಡಿಕ್ಸನ್ ಆಗಲೇ ಜಗತ್ಪ್ರಸಿದ್ಧರು, ಸುತ್ತ ಶಿಷ್ಯರ ಪಡೆ, ಹೇರಳ ಗ್ರಂಥಾಲಯ. ಪಿಳ್ಳೈ ಮೂವತ್ತೈದರ ಹರೆಯದ ಲೆಕ್ಚರರ್. ಇಬ್ಬರೂ ಒಬ್ಬರಿಗೊಬ್ಬರು ತಿಳಿಯದೆ ಬೇರೆ ಬೇರೆಯಾಗಿ ಒಂದೇ ಗುರಿ ಮುಟ್ಟಿದ್ದರು. ಪಿಳ್ಳೈ ಅವರ ಹೆಚ್ಚಿನ ಬರಹಗಳು ಭಾರತದ ಪತ್ರಿಕೆಗಳಲ್ಲಿ ಅಚ್ಚಾದವು. ಇಂದು ಈ ಫಲಿತಾಂಶದ ಜೊತೆ ಇಬ್ಬರ ಹೆಸರನ್ನೂ ಹೇಳಲಾಗುತ್ತದೆ.

ಆದರೆ ನಾಲ್ಕು, ಐದು, ಆರು ಎಂಬ ಮೂರು ಘಾತಗಳು ಇಬ್ಬರಿಗೂ ಬಗ್ಗಿರಲಿಲ್ಲ. ಇಲ್ಲಿ ಘಾತ ಚಿಕ್ಕದಾದಷ್ಟೂ ಲೆಕ್ಕ ಕಷ್ಟ. ಪಿಳ್ಳೈ ಆರನ್ನು ಹಿಡಿದು ಕೂತರು. 1940ರಲ್ಲಿ ಅದನ್ನು ಮುಗಿಸಿದರು. ಯಾವ ಸಂಖ್ಯೆಗಾದರೂ 73 ಆರನೇ ಘಾತಗಳು ಸಾಕು, 73ಕ್ಕಿಂತ ಹೆಚ್ಚು ಎಂದೂ ಬೇಡ. 703 ರೂಪಾಯಿಯ ನಮ್ಮ ಅಂಗಡಿಯ ಲೆಕ್ಕವೇ ಕೊನೆಯ ಮಾತಾಯಿತು. ಈ ಗೆಲುವನ್ನು ಹಂಚಿಕೊಳ್ಳಲು ಡಿಕ್ಸನ್ ಆಗಲಿ ಬೇರೆ ಯಾರೇ ಆಗಲಿ ಇರಲಿಲ್ಲ. ಇದು ಪಿಳ್ಳೈ ಅವರೊಬ್ಬರದ್ದೇ.

ಫೋನಿನಲ್ಲೇ ಪರೀಕ್ಷಿಸಬಹುದಾದ ಹದಿನೇಳು ಸಂಖ್ಯೆಗಳು

ಪಿಳ್ಳೈ ಅವರ ಕೆಲಸವೆಲ್ಲ ಇಷ್ಟು ಕಠಿಣ ಎಂದೇನಿಲ್ಲ. ಶಾಲಾ ಮಕ್ಕಳೂ ಆಡಿ ನೋಡಬಹುದಾದದ್ದು ಒಂದಿದೆ.

ಸಾಲಾಗಿ ಬರುವ ಕೆಲವು ಸಂಖ್ಯೆಗಳನ್ನು ತೆಗೆದುಕೊಳ್ಳಿ. ಅವುಗಳಲ್ಲಿ ಉಳಿದ ಯಾವುದರ ಜೊತೆಗೂ ಒಂದನ್ನು ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇಲ್ಲದ, ಒಂಟಿಯಾದ ಒಂದು ಸಂಖ್ಯೆ ಇರುತ್ತದೆಯೇ? ಸಾಲಿನಲ್ಲಿ ಹದಿನಾರು ಅಥವಾ ಅದಕ್ಕಿಂತ ಕಡಿಮೆ ಸಂಖ್ಯೆಗಳಿದ್ದರೆ ಖಂಡಿತ ಇರುತ್ತದೆ ಎಂದು ಪಿಳ್ಳೈ ಸಾಧಿಸಿದರು. ಹದಿನೇಳಕ್ಕೆ ಬಂದರೆ ಈ ನಿಯಮ ಮುರಿಯುತ್ತದೆ.

ಮುರಿಯುವ ಮೊದಲ ಸಾಲು 2184ರಿಂದ 2200ರವರೆಗಿನದು. ಸಮ ಸಂಖ್ಯೆಗಳೆಲ್ಲ ಎರಡರಿಂದ ಭಾಗವಾಗುತ್ತವೆ, ಅವು ಒಂಟಿಯಲ್ಲ. 2187, 2193, 2199 ಮೂರರಿಂದ ಭಾಗವಾಗುತ್ತವೆ. 2185, 2195 ಐದರಿಂದ. ಉಳಿದದ್ದು ಮೂರು ಬೆಸ ಸಂಖ್ಯೆಗಳು. 2189 ಹನ್ನೊಂದರಿಂದ ಭಾಗವಾಗುತ್ತದೆ, ಸಾಲಿನ ಕೊನೆಯ 2200 ಕೂಡ. 2191 ಏಳರಿಂದ, ಸಾಲಿನ ಮೊದಲ 2184 ಕೂಡ. 2197 ಎಂದರೆ ಹದಿಮೂರರ ಘನ, 2184 ಹದಿಮೂರರಿಂದಲೂ ಭಾಗವಾಗುತ್ತದೆ. ಹದಿನೇಳು ಮಂದಿಯಲ್ಲಿ ಒಬ್ಬರೂ ಒಂಟಿಯಲ್ಲ, ಪ್ರತಿಯೊಬ್ಬರಿಗೂ ಸಾಲಿನಲ್ಲೇ ಒಬ್ಬ ನೆಂಟ ಇದ್ದಾನೆ! ಕ್ಯಾಲ್ಕ್ಯುಲೇಟರ್ ಹಿಡಿದು ಯಾರು ಬೇಕಾದರೂ ಇದನ್ನು ಪರೀಕ್ಷಿಸಿ ನೋಡಬಹುದು.

ಇದು ಬರೀ ಆಟವಾಗಿರಲಿಲ್ಲ. ಸಾಲಾಗಿ ಬರುವ ಸಂಖ್ಯೆಗಳನ್ನು ಗುಣಿಸಿದರೆ ಎಂದಾದರೂ ಪೂರ್ಣ ವರ್ಗವೋ ಘನವೋ ಸಿಗಬಹುದೇ ಎಂಬ ಹಳೆಯ ಪ್ರಶ್ನೆಗೆ, ಹದಿನಾರು ಸಂಖ್ಯೆಗಳ ತನಕ ಸಿಗದು ಎಂದು ಉತ್ತರಿಸಲು ಪಿಳ್ಳೈ ಇದನ್ನು ಬಳಸಿದರು. ಎಷ್ಟೇ ಉದ್ದದ ಸಾಲಿರಲಿ ಸಿಗುವುದೇ ಇಲ್ಲ ಎಂಬ ಪೂರ್ಣ ಉತ್ತರವನ್ನು ಪಾಲ್ ಎರ್ಡಿಶ್ ಮತ್ತು ಜಾನ್ ಸೆಲ್ಫ್ರಿಜ್ 1975ರಲ್ಲಿ ಕೊಟ್ಟರು.

ಕಲ್ಕತ್ತದ ವರ್ಷಗಳು

1941ರಲ್ಲಿ ಪಿಳ್ಳೈ ಚಿದಂಬರಂ ಬಿಟ್ಟು ತಿರುವಾಂಕೂರಿಗೆ ಹೋದರು. ಅಲ್ಲಿ ಒಂದು ವರ್ಷ ಇದ್ದು, 1942ರಲ್ಲಿ ಕಲ್ಕತ್ತ ವಿಶ್ವವಿದ್ಯಾನಿಲಯ ಸೇರಿದರು. ನಾಜಿಗಳ ಕಾಟಕ್ಕೆ ಜರ್ಮನಿ ಬಿಟ್ಟು ಬಂದಿದ್ದ ಯಹೂದಿ ಗಣಿತಜ್ಞ ಎಫ್.ಡಬ್ಲ್ಯು. ಲೆವಿ ಆಗ ಅಲ್ಲಿನ ಗಣಿತ ವಿಭಾಗದ ಮುಖ್ಯಸ್ಥರು.

ಕಲ್ಕತ್ತಕ್ಕೆ ಅದು ಒಳ್ಳೆಯ ಕಾಲವಾಗಿರಲಿಲ್ಲ. ಮಹಾಯುದ್ಧ ನಡೆದಿತ್ತು. 1943ರಲ್ಲಿ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. 1946ರಲ್ಲಿ ನಗರ ಗಲಭೆಯಲ್ಲಿ ಉರಿಯಿತು, ಮರುವರ್ಷ ದೇಶ ವಿಭಜನೆಯಾಯಿತು. ಈ ಎಲ್ಲದರ ನಡುವೆ ಪಿಳ್ಳೈ ಪಾಠ ಹೇಳುತ್ತಾ, ಪ್ರಬಂಧ ಬರೆಯುತ್ತಾ ಹೋದರು. ಅವರು ಬದುಕಿನಲ್ಲಿ ಬರೆದ ಸಂಶೋಧನಾ ಪ್ರಬಂಧಗಳು ಎಪ್ಪತ್ತಕ್ಕೂ ಹೆಚ್ಚು.

ಅವರ ಹೆಸರನ್ನು ಇಂದಿಗೂ ಜೀವಂತವಾಗಿಟ್ಟಿರುವ ಇನ್ನೊಂದು ಪ್ರಶ್ನೆ ಘಾತಗಳ ನಡುವಿನ ಅಂತರದ್ದು. ವರ್ಗ, ಘನ, ನಾಲ್ಕನೇ ಘಾತ ಹೀಗೆ ಎಲ್ಲ ಘಾತ ಸಂಖ್ಯೆಗಳನ್ನು ಒಂದೇ ಸಾಲಿನಲ್ಲಿ ಬರೆಯಿರಿ: 1, 4, 8, 9, 16, 25, 27, 32, 36. ಇದರಲ್ಲಿ 8 ಮತ್ತು 9ರ ನಡುವಿನ ಅಂತರ 1. 25 ಮತ್ತು 27ರದ್ದು 2. ಅಂತರ 4 ಬರುವುದು 4 ಮತ್ತು 8ರಲ್ಲಿ, 32 ಮತ್ತು 36ರಲ್ಲಿ, ಮುಂದೆ 121 ಮತ್ತು 125ರಲ್ಲಿ. ಯಾವುದೇ ಒಂದು ಅಂತರವನ್ನು ತೆಗೆದುಕೊಂಡರೂ ಅದು ಇಡೀ ಸಾಲಿನಲ್ಲಿ ಲೆಕ್ಕಕ್ಕೆ ಸಿಗುವಷ್ಟು ಸಲ ಮಾತ್ರ ಬರುತ್ತದೆ, ಕೊನೆಯಿಲ್ಲದೆ ಬರುತ್ತಾ ಇರುವುದಿಲ್ಲ ಎಂದು ಪಿಳ್ಳೈ ಊಹಿಸಿದರು. ಸಂಖ್ಯಾ ಸಿದ್ಧಾಂತದಲ್ಲಿ ಇದನ್ನು ಪಿಳ್ಳೈ ಊಹೆ ಎಂದೇ ಕರೆಯುತ್ತಾರೆ.

ಮುಗಿಯದ ಪ್ರಯಾಣ

1950ರಲ್ಲಿ ಪಿಳ್ಳೈ ಅವರಿಗೆ ಕೊನೆಗೂ ದೊಡ್ಡ ಬಾಗಿಲು ತೆರೆಯಿತು. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿರುವ ಉನ್ನತ ಅಧ್ಯಯನ ಸಂಸ್ಥೆಯಿಂದ ಒಂದು ವರ್ಷ ಇದ್ದು ಸಂಶೋಧನೆ ಮಾಡಲು ಆಹ್ವಾನ ಬಂತು. ಆಲ್ಬರ್ಟ್ ಐನ್‌ಸ್ಟೈನ್ ಇದ್ದ ಸಂಸ್ಥೆ ಅದು. ಅದರ ಜೊತೆಗೆ ಹಾರ್ವರ್ಡ್‌ನಲ್ಲಿ ನಡೆಯುವ ಅಂತಾರಾಷ್ಟ್ರೀಯ ಗಣಿತ ಸಮ್ಮೇಳನದಲ್ಲಿ ಭಾಗವಹಿಸುವ ಅವಕಾಶ. ಯುದ್ಧದಿಂದಾಗಿ ಹದಿನಾಲ್ಕು ವರ್ಷ ನಿಂತುಹೋಗಿದ್ದ ಸಮ್ಮೇಳನ ಮತ್ತೆ ಸೇರುತ್ತಿತ್ತು. ಅಂಚೆಯಲ್ಲಿ ಹೆಸರಷ್ಟೇ ಕಂಡಿದ್ದ ಜಗತ್ತಿನ ವಿದ್ವಾಂಸರನ್ನು ಮುಖಾಮುಖಿ ಕಾಣುವ ಹೊತ್ತು ಹತ್ತಿರ ಬಂದಿತ್ತು.

ಅವರು ಹೊರಟದ್ದು ಬೊಂಬಾಯಿಯಿಂದ ಕೈರೋ, ರೋಮ್ ಮಾರ್ಗವಾಗಿ ನ್ಯೂಯಾರ್ಕ್‌ಗೆ ಹೋಗುವ ಟಿ.ಡಬ್ಲ್ಯು.ಎ. ಕಂಪನಿಯ ವಿಮಾನದಲ್ಲಿ. 1950ರ ಆಗಸ್ಟ್ 31ರಂದು ವಿಮಾನ ಕೈರೋದಿಂದ ಮೇಲೆದ್ದ ಸ್ವಲ್ಪ ಹೊತ್ತಿಗೇ ಒಂದು ಎಂಜಿನ್‌ಗೆ ಬೆಂಕಿ ಹತ್ತಿತು. ಪೈಲಟ್ ವಾಪಸ್ ತಿರುಗಿಸಲು ನೋಡಿದರೂ ಆಗಲಿಲ್ಲ. ಇತಾಯ್ ಅಲ್ ಬಾರೂದ್ ಎಂಬಲ್ಲಿ ಮರಳುಗಾಡಿನ ಅಂಚಿಗೆ ವಿಮಾನ ಬಿತ್ತು. ಒಳಗಿದ್ದ 55 ಮಂದಿಯೂ ತೀರಿಹೋದರು. ಪಿಳ್ಳೈ ಅವರಿಗೆ ಆಗ 49 ವರ್ಷ.

2010ರ ಮೇ 22ರ ಬಜ್ಪೆ ದುರಂತವನ್ನು ಕಂಡ ಈ ಕರಾವಳಿಗೆ, ಇಂಥ ಸುದ್ದಿ ಮನೆ ಬಾಗಿಲಿಗೆ ಬಂದಾಗ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹಾರ್ವರ್ಡ್‌ನಲ್ಲಿ ಸಮ್ಮೇಳನ ಆಗಸ್ಟ್ 30ರಂದೇ ಶುರುವಾಗಿತ್ತು. ಅಲ್ಲಿ ಸೇರಿದ್ದವರಿಗೆ ಪಿಳ್ಳೈ ಬರುವ ಬದಲು ಅವರ ಸಾವಿನ ಸುದ್ದಿ ಬಂತು. ಶೆಂಗೋಟ್ಟೈಯ ಮೇಷ್ಟ್ರು ಕೈ ಹಿಡಿದು ದಾಟಿಸಿದ ಹುಡುಗ ಜಗತ್ತಿನ ವೇದಿಕೆಯ ಹೊಸ್ತಿಲ ತನಕ ಹೋಗಿ, ಒಳಗೆ ಕಾಲಿಡದೆ ಹೊರಟುಹೋದರು.

ಮಂಡ್ಯದ ನಂಟು

ಪಿಳ್ಳೈ ತೀರಿಹೋದಾಗ ವೇರಿಂಗ್ ಲೆಕ್ಕದಲ್ಲಿ ನಾಲ್ಕನೇ ಮತ್ತು ಐದನೇ ಘಾತಗಳು ಬಾಕಿ ಇದ್ದವು. ಐದಕ್ಕೆ 37 ಸಾಕು ಎಂದು ಚೀನಾದ ಚೆನ್ ಜಿಂಗ್‌ರುನ್ 1964ರಲ್ಲಿ ಸಾಧಿಸಿದರು. ನಾಲ್ಕು ಮಾತ್ರ ಯಾರಿಗೂ ಬಗ್ಗದೆ ಉಳಿಯಿತು. 79ಕ್ಕೆ ಹತ್ತೊಂಬತ್ತು ಬೇಕು ಎನ್ನುವುದು ಸುಲಭ: 16ರ ನಾಣ್ಯ ನಾಲ್ಕು, 1ರ ನಾಣ್ಯ ಹದಿನೈದು. ಯಾವುದಕ್ಕೂ ಅದಕ್ಕಿಂತ ಹೆಚ್ಚು ಬೇಡ ಎನ್ನುವುದನ್ನು ಸಾಧಿಸುವುದೇ ಕಷ್ಟ. ಇಲ್ಲಿ ದಾಟಬೇಕಾದ ಬೃಹತ್ ಸಂಖ್ಯೆಯನ್ನು ಬರೆದರೆ ಮುನ್ನೂರಕ್ಕೂ ಹೆಚ್ಚು ಅಂಕಿಗಳಾಗುತ್ತವೆ.

ಈ ಕಥೆಯಲ್ಲಿ ಕನ್ನಡದ ನೆಲ ಬರುವುದು ಇಲ್ಲಿಯೇ. ಮಂಡ್ಯದಲ್ಲಿ 1933ರಲ್ಲಿ ಹುಟ್ಟಿದ ಕೆ. ರಾಮಚಂದ್ರ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಸೇರಿ, ದೇಶದಲ್ಲಿ ಸಂಖ್ಯಾ ಸಿದ್ಧಾಂತದ ಒಂದು ತಲೆಮಾರನ್ನೇ ತಯಾರು ಮಾಡಿದವರು. 1978ರಲ್ಲಿ ಅವರು ಶುರು ಮಾಡಿದ ಹಾರ್ಡಿ ರಾಮಾನುಜನ್ ಜರ್ನಲ್ ಇಂದಿಗೂ ಬರುತ್ತಿದೆ. ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ಕೆಲಸ ಮುಂದುವರಿಸಿದ ಅವರು 2011ರಲ್ಲಿ ತೀರಿಕೊಂಡರು. ಅವರ ಶಿಷ್ಯ ಆರ್. ಬಾಲಸುಬ್ರಮಣಿಯನ್, ಫ್ರಾನ್ಸಿನ ಜಾನ್ ಮಾರ್ಕ್ ದೆಷೂಯೇರ್ ಮತ್ತು ಫ್ರಾನ್ಸ್ವಾ ದ್ರೆಸ್ ಜೊತೆ ಸೇರಿ 1986ರಲ್ಲಿ ನಾಲ್ಕನೇ ಘಾತದ ಬಾಗಿಲನ್ನೂ ತೆರೆದರು. ವೇರಿಂಗ್ 1770ರಲ್ಲಿ ಹೇಳಿದ 19 ಸರಿಯಾಗಿಯೇ ಇತ್ತು. ಅದನ್ನು ಸಾಧಿಸಲು 216 ವರ್ಷ ಹಿಡಿಯಿತು.

ಚದುರಿ ಹೋಗಿದ್ದ ಪಿಳ್ಳೈ ಅವರ ಬರಹಗಳನ್ನು ಇದೇ ಬಾಲಸುಬ್ರಮಣಿಯನ್ ಮತ್ತು ಆರ್. ತಂಗದುರೈ ಸೇರಿ ಸಂಪಾದಿಸಿದರು. ಹಳೆಯ ಪತ್ರಿಕೆಗಳ ಮೂಲೆಯಲ್ಲಿ ಧೂಳು ಹಿಡಿದಿದ್ದ ಕೆಲಸ 2010ರಲ್ಲಿ ಸಮಗ್ರ ಸಂಪುಟಗಳಾಗಿ ಹೊರಬಂತು.

ಉಳಿದಿರುವ ಲೆಕ್ಕ

ಪಿಳ್ಳೈ ಅವರ ಸೂತ್ರಕ್ಕೆ ಒಂದು ನಿಬಂಧನೆ ಇತ್ತಲ್ಲ, ಅದು 47 ಕೋಟಿ 16 ಲಕ್ಷದ ತನಕದ ಎಲ್ಲ ಘಾತಗಳಿಗೂ ಈಡೇರುತ್ತದೆ ಎಂದು 1990ರಲ್ಲಿ ಕಂಪ್ಯೂಟರ್‌ನಿಂದ ಪರೀಕ್ಷಿಸಿ ನೋಡಲಾಯಿತು. ಅದನ್ನು ಮೀರುವ ಘಾತಗಳು ಇದ್ದರೂ ಎಣಿಕೆಗೆ ಸಿಗುವಷ್ಟೇ ಇರಬೇಕು ಎಂದು ಕುರ್ಟ್ ಮಾಲರ್ 1957ರಲ್ಲೇ ತೋರಿಸಿದ್ದರು. ಒಂದೂ ಇಲ್ಲ ಎಂದು ಸಾಧಿಸಿದವರು ಇನ್ನೂ ಯಾರೂ ಇಲ್ಲ.

ಪಿಳ್ಳೈ ಊಹೆಯೂ ಹಾಗೆಯೇ ನಿಂತಿದೆ. ಅಂತರ 1 ಬರುವುದು 8 ಮತ್ತು 9ರಲ್ಲಿ ಮಾತ್ರ ಎಂದು ಪ್ರೆಡಾ ಮಿಹೈಲೆಸ್ಕು 2002ರಲ್ಲಿ ಸಾಧಿಸಿದರು. ಅಂತರ 2ಕ್ಕೆ ಬಂದರೆ ಇಂದಿಗೂ ಉತ್ತರ ಇಲ್ಲ. ಎಂಟನೇ ತರಗತಿಯ ಮಗುವಿಗೂ ಅರ್ಥವಾಗುವ ಪ್ರಶ್ನೆ, ಜಗತ್ತಿನ ಯಾವ ಪ್ರೊಫೆಸರಿಗೂ ಉತ್ತರ ಗೊತ್ತಿಲ್ಲ. ಈ ಪ್ರಶ್ನೆಯನ್ನು ಬಿಡಿಸಲು ಯಾವ ಕುಟುಂಬದವರು, ಯಾವ ಊರಿನವರು, ಅಪ್ಪನ ಕೆಲಸ ಏನು ಎಂದು ಯಾರೂ ಕೇಳುವುದಿಲ್ಲ. ಸಾಧನೆ ಸರಿ ಇದೆಯೇ ಎಂದಷ್ಟೇ ನೋಡುತ್ತಾರೆ.

ಗಣಿತದ ಇತಿಹಾಸದಲ್ಲಿ ಶಾಸ್ತ್ರಿಯಾರ್ ಅವರ ಹೆಸರಿನಲ್ಲಿ ಒಂದು ಸೂತ್ರವೂ ಇಲ್ಲ. ಅವರ ಪೂರ್ತಿ ಹೆಸರೂ ಹೆಚ್ಚಿನ ಪುಸ್ತಕಗಳಲ್ಲಿ ಸಿಗುವುದಿಲ್ಲ. ಆದರೆ ಸಂಬಳದ ಹಣವನ್ನು ಎತ್ತಿ ತಬ್ಬಲಿ ಹುಡುಗನ ಫೀಸಿಗೆ ಕೊಟ್ಟ ಆ ಒಂದು ನಿರ್ಧಾರ ಇಲ್ಲದಿದ್ದರೆ ಪಿಳ್ಳೈ ಎಂಬ ಗಣಿತಜ್ಞರೇ ಇರುತ್ತಿರಲಿಲ್ಲ. ಪ್ರತಿ ವರ್ಷ ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂದ ಮೇಲೆ ಫೀಸು ಕಟ್ಟಲಾಗದೆ ಓದು ಬಿಡುವ ಮಕ್ಕಳು ನಮ್ಮ ಮೊಹಲ್ಲಾಗಳಲ್ಲಿಯೂ ಇದ್ದಾರೆ. ಅವರಲ್ಲಿ ಒಬ್ಬರನ್ನು ಈ ವರ್ಷ ಯಾರಾದರೂ ಒಬ್ಬರು ಓದಿಸಿದರೆ, ಅದರ ಲೆಕ್ಕ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಇವತ್ತೇ ಹೇಳಲು ಬರುವುದಿಲ್ಲ.